ಬಾಲ್ದಿಯೊಳಗಿನ ಗಾಜು

ಹೆಣಕ್ಕೆ ನೀರು ಹಾಕುವಾಗ ಮಾಳವ್ವ ಅದನ್ನು ಕಂಡಳು. ಶಂಕ್ರವ್ವನ ಎಡಗೈ ಹೆಬ್ಬೆರಳಿಗೆ ನೀಲಿ ಶಾಯಿ ಹತ್ತಿತ್ತು.

ಉಜ್ಜಿದಳು. ಹೋಗಲಿಲ್ಲ. ಬೂದಿ ಹಾಕಿ ಉಜ್ಜಿದಳು. ಗೆರೆಗಳ ಸಂದಿಯಲ್ಲಿ ಉಳಿದೇಬಿಟ್ಟಿತು. ಬಲ ಅಂಗೈಯಲ್ಲಿ ಗಾಯವಿತ್ತು. ಗಾಯ ಮಾಳವ್ವನಿಗೆ ಗೊತ್ತಿದ್ದದ್ದು. ಶಾಯಿ ಗೊತ್ತಿರಲಿಲ್ಲ.

ಶಂಕ್ರವ್ವ ಅವಳ ನೆಗೆಣ್ಣಿ. ಗಂಡನ ತೀರಿಹೋದ ಅಣ್ಣನ ಹೆಂಡತಿ. ಹನ್ನೊಂದು ವರ್ಷ ಇಬ್ಬರೂ ಒಂದೇ ದವಾಖಾನೆಯಲ್ಲಿ ಕಸ ಬಳಿದಿದ್ದರು. ಇಬ್ಬರಿಗೂ ಓದು ಬರಹ ಇಲ್ಲ. ಪಗಾರದ ದಿನ ಬಿಟ್ಟರೆ ಅವರ ಹೆಬ್ಬೆರಳಿಗೆ ಶಾಯಿ ಹತ್ತುವ ಕಾರಣವಿಲ್ಲ. ಪಗಾರದ ದಿನ ಹೋಗಿ ಅರ್ಧ ತಿಂಗಳಾಗಿತ್ತು.

“ಹುಲಿಗೆವ್ವಾ, ನಿಮ್ಮವ್ವನ ಹೆಬ್ಬಟ್ಟ ಯಾರು ಒತ್ತಿಸಿಕೊಂಡ್ರು?”

ಹುಲಿಗೆವ್ವ ಶಂಕ್ರವ್ವನ ಒಬ್ಬಳೇ ಮಗಳು. ಇಪ್ಪತ್ತು ವರ್ಷ. ಗಂಡ ಬಿಟ್ಟು ಹೋಗಿದ್ದ. ಕಂಕುಳಲ್ಲಿ ನಾಲ್ಕು ತಿಂಗಳ ಕೂಸು.

“ನಿನ್ನಿ ಸಂಜಿಮುಂದ ಕಂಪೌಂಡರ್ ಬಂದಿದ್ರು ಚಿಗವ್ವ. ಔಷಧಿ ತರಸ್ಬೇಕು, ಅದಕ್ಕ ಕಾಗದ ಅಂದ್ರು. ನನ್ನ ದೂರ ಕಳಿಸಿದ್ರು.”

“ಔಷಧಿ ಬಂತೇನು?”

“ಇಲ್ಲ.”

“ಮತ್ತ ಆ ಕಾಗದ?”

ಹುಲಿಗೆವ್ವ ಗೊತ್ತಿಲ್ಲ ಎಂದು ತಲೆಯಾಡಿಸಿದಳು. ಮಾಳವ್ವ ಮತ್ತೆ ಕೇಳಲಿಲ್ಲ. ಹೆಣ ಸೆಟೆದು ಕಟ್ಟಿಗೆಯಾಗಿತ್ತು. ಹಲ್ಲು ಕಚ್ಚಿದ್ದು ಕಚ್ಚಿದ ಹಾಗೇ ಇತ್ತು. ಬಾಯಿಗೆ ನೀರು ಬಿಡಲು ಆಗಲಿಲ್ಲ. ತುಟಿ ಒದ್ದೆ ಮಾಡಿ ಮಣ್ಣಿಗೆ ಒಯ್ದರು.

ಗಜೇಂದ್ರಗಡದ ಗುಡ್ಡದ ಕೆಳಗೆ ಹತ್ತಿಯ ಬೀಜ ಬಿಡಿಸುವ ಕಾರಖಾನೆ, ಜೀನು. ಜೀನಿನ ಗೋಡೆಗೆ ಅಂಟಿಕೊಂಡು ದವಾಖಾನೆ. ಎರಡೂ ಪ್ರಭುಲಿಂಗಪ್ಪ ಸಾವುಕಾರರವು. ಧರ್ಮಕ್ಕೆಂದು ಕಟ್ಟಿಸಿದ್ದೇನೆ ಎಂದು ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ್ದರು. ಜನ ಮಾತ್ರ ಜೀನಿನ ದವಾಖಾನಿ ಅಂತಲೇ ಕರೆಯುತ್ತಿದ್ದರು. ಲಕ್ಕಲಕಟ್ಟಿ, ಪುರ್ತಗೇರಿಯಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ರೋಣದ ಕಡೆಯಿಂದಲೂ ಬರುತ್ತಿದ್ದರು. ಹದಿನೆಂಟು ಮಂಚ. ಒಬ್ಬ ಡಾಕ್ಟರು. ಒಬ್ಬ ಕಂಪೌಂಡರು. ಒಬ್ಬ ನರ್ಸು. ಬಾಣಂತಿಯರ ಕೋಣೆಗೆ ಒಬ್ಬ ಆಯಾ. ಇವರೆಲ್ಲ ಒಳಗಿನವರು. ಹೊರಗಿನವರು ಮೂವರು: ಶಂಕ್ರವ್ವ, ಮಾಳವ್ವ, ಮುದುಕ ಶಿವನಪ್ಪ.

ಹೊರಗಿನವರು ಹಿಂದಿನ ಬಾಗಿಲಿನಿಂದ ಬರಬೇಕು. ಬಂದು ಒಳಗಿನದನ್ನೆಲ್ಲ ಹೊರಗೆ ಒಯ್ಯಬೇಕು. ಮಲ, ಉಚ್ಚೆ, ರಕ್ತದ ಬಟ್ಟೆ, ಬಾಣಂತಿಯ ಮಾಸು. ಕ್ಷಯದವರು ಕಫ ಉಗುಳಿದ ತಗಡಿನ ಡಬ್ಬಿಗಳನ್ನು ಶಿವನಪ್ಪ ಕೈ ಹಾಕಿ ತೊಳೆಯುತ್ತಿದ್ದ. ಎರಡು ವರ್ಷದಿಂದ ಅವನಿಗೂ ಕೆಮ್ಮು. ಬೀಡಿಯ ಕೆಮ್ಮು ಅನ್ನುತ್ತಿದ್ದರು. ಅವನು ಬೀಡಿ ಸೇದುತ್ತಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಪಟ್ಟಿ ಕಟ್ಟುವ ಕೋಣೆಯ ಬಾಲ್ದಿ. ಕೀವಿನ ಅರಿವೆ, ಹತ್ತಿ, ಒಡೆದ ಔಷಧಿ ಸೀಸೆ, ಮುರಿದ ಸೂಜಿ ಎಲ್ಲ ಅದೇ ಬಾಲ್ದಿಗೆ ಬೀಳುತ್ತಿತ್ತು. ಅರಿವೆಗಳನ್ನು ಆರಿಸಿ ತೆಗೆದು ಒಗೆಯಬೇಕು. ಮತ್ತೆ ಉಪಯೋಗಕ್ಕೆ ಬರುತ್ತವೆ. ಬರಿಗೈ. ಮೇಲೆ ಅರಿವೆ ಕಾಣುತ್ತದೆ. ಕೆಳಗಿನ ಗಾಜು ಕಾಣುವುದಿಲ್ಲ.

ಒಳಗೆ ಕೈ ತೊಳೆಯಲು ಒಂದು ಬಿಳಿ ಬೋಗುಣಿ ಇತ್ತು. ಪಕ್ಕದಲ್ಲಿ ಕೆಂಪು ಸಾಬೂನು. ಡಾಕ್ಟರ್ ಜಯತೀರ್ಥರು ಒಬ್ಬ ರೋಗಿಯನ್ನು ಮುಟ್ಟಿ ಕೈ ತೊಳೆಯುವರು. ಇನ್ನೊಬ್ಬನನ್ನು ಮುಟ್ಟಿ ಮತ್ತೆ ತೊಳೆಯುವರು. ದಿನಕ್ಕೆ ಐವತ್ತು ಸಲ. ಹೊರಗಿನವರಿಗೆ ಆ ಬೋಗುಣಿ ಇಲ್ಲ. ಬಾವಿ ಕೂಡ ಇಲ್ಲ. ಹಿತ್ತಲಿನ ಕಲ್ಲಿನ ದೋಣಿಯಲ್ಲಿ ಯಾರಾದರೂ ನೀರು ಹಾಕಿದ್ದರೆ ಬೂದಿ ಹಚ್ಚಿ ತೊಳೆದುಕೊಳ್ಳಬೇಕು. ಅದೇ ಕೈಯಲ್ಲಿ ರೊಟ್ಟಿ ತಿನ್ನಬೇಕು.

ಶಂಕ್ರವ್ವನ ಕೈ ಕೊಯ್ದದ್ದು ಒಂದು ಗುರುವಾರ. ಮಾಳವ್ವ ಎದುರಿಗೇ ಇದ್ದಳು. ಬಾಲ್ದಿಗೆ ಕೈ ಹಾಕಿದವಳು ‘ಹಾ’ ಎಂದು ಎಳೆದುಕೊಂಡಳು. ಅಂಗೈಯಲ್ಲಿ ಗಾಜಿನ ಚೂರು ನಿಂತಿತ್ತು. ಮಾಳವ್ವನೇ ಕಿತ್ತು ತೆಗೆದಳು. ಇಬ್ಬರೂ ಹೋಗಿ ಔಷಧಿ ಕಿಟಕಿಯ ಮುಂದೆ ನಿಂತರು. ಕಂಪೌಂಡರ್ ಗವಿಸಿದ್ದಪ್ಪ ಕಿಟಕಿಯಿಂದಲೇ ನೋಡಿದ.

“ಇಷ್ಟಕ್ಕ ಡಾಕ್ಟರ್ ಬೇಕೇನು? ಬೂದಿ ಹಚ್ಚಿಕೋ. ಮಂದಿ ಕಾಯಾಕ ಹತ್ಯಾರ, ಸರೀರಿ ಆ ಕಡೆ.”

ಸರಿದರು. ಶಂಕ್ರವ್ವ ಬೂದಿ ಹಚ್ಚಿಕೊಂಡಳು. ಚಿಂದಿ ಸುತ್ತಿಕೊಂಡು ಅದೇ ಬಾಲ್ದಿಯ ಉಳಿದ ಅರಿವೆ ಆರಿಸಿದಳು.

ಎಂಟನೆಯ ದಿನ ರೊಟ್ಟಿ ಅಗಿಯಲು ಆಗಲಿಲ್ಲ. ಒಂಬತ್ತನೆಯ ದಿನ ದವಡೆ ಕಟ್ಟಿತು. ಆಮೇಲೆ ಬೆನ್ನು ಬಿಲ್ಲಿನ ಹಾಗೆ ಬಾಗಿತು. ಹದಿನೆಂಟರಲ್ಲಿ ನಾಲ್ಕು ಮಂಚ ಖಾಲಿ ಇದ್ದವು. ಅವಳನ್ನು ಕಟ್ಟಿಗೆ ಕೋಣೆಯಲ್ಲಿ ಹಾಕಿದರು. ಡಾಕ್ಟರು ಬಂದು ನೋಡಿ, “ಧನುರ್ವಾಯು. ತಡಾ ಆಗೇದ,” ಎಂದರು. ಹೊರಗೆ ಹೋಗಿ ಕೈ ತೊಳೆದರು. ಹನ್ನೊಂದನೆಯ ದಿನ ಶಂಕ್ರವ್ವ ಸತ್ತಳು.

ಮಣ್ಣಾದ ಮೂರನೆಯ ದಿನ ಗವಿಸಿದ್ದಪ್ಪ ಕೇರಿಯ ತನಕ ಬಂದ. ಕೇರಿಯ ಒಳಗಲ್ಲ. ಹುಣಸೆಮರದ ಹತ್ತಿರ ನಿಂತು ಕರೆಸಿದ.

“ಸಾವ್ಕಾರ್ರು ಭಾಳ ಮರಗ್ಯಾರ. ಶಂಕ್ರವ್ವನ ಜಾಗಾ ಆಕಿ ಮಗಳಿಗೇ ಕೊಡ್ರಿ ಅಂದಾರ. ನಾಳಿಂದನ ಬರ್ಲಿ.”

ಹುಲಿಗೆವ್ವನ ಮುಖ ಅರಳಿತು. ಮಾಳವ್ವನ ಮುಖ ಗಂಟಾಯಿತು. ಹನ್ನೊಂದು ವರ್ಷದಲ್ಲಿ ಈ ಮನುಷ್ಯ ಕೇಳಿದ್ದನ್ನೇ ಕೊಟ್ಟವನಲ್ಲ. ಕೇಳದೆ ಇದ್ದದ್ದನ್ನು ಕೊಡಲು ಇಷ್ಟು ದೂರ ನಡೆದು ಬಂದಿದ್ದಾನೆ.

“ಹೋಗಬ್ಯಾಡ,” ಎಂದಳು ರಾತ್ರಿ ಊಟದ ಹೊತ್ತಿಗೆ.

“ಕೂಸಿಗೆ ಹಾಲ ಬರ್ಬೇಕಂದ್ರ ನಾ ಉಣಬೇಕಲ್ಲ ಚಿಗವ್ವ? ಉಣ್ಣಾಕ ಯಾರ ಹಾಕ್ತಾರ?”

ಮಾಳವ್ವನ ಗಂಡ ದೇವಪ್ಪನೂ ಹುಡುಗಿಯ ಕಡೆಗೇ ಮಾತಾಡಿದ. ಅವನು ಅದೇ ಸಾವುಕಾರರ ಜೀನಿನಲ್ಲಿ ಹತ್ತಿ ಅಂಡಿಗೆ ಹೊರುವವನು. “ಕೊಟ್ಟ ಕೆಲಸ ಬ್ಯಾಡಂದ್ರ ಅವರ ಕಣ್ಣು ನಮ್ಮ ಮ್ಯಾಲೆ ಬೀಳ್ತೈತಿ. ಹೋಗ್ಲಿ ಬಿಡು.”

ಹುಲಿಗೆವ್ವ ಹೋದಳು. ಕೂಸನ್ನು ಹಿತ್ತಲಿನ ಬೇವಿನ ಮರಕ್ಕೆ ಜೋಳಿಗೆ ಕಟ್ಟಿ ಮಲಗಿಸಿದಳು. ಅವ್ವ ಹಿಡಿದ ಬಾಲ್ದಿಯನ್ನೇ ಹಿಡಿದಳು. ಅವಳು ಕೈ ಹಾಕುವ ಮೊದಲು ಮಾಳವ್ವ ಬಂದು ಬೇವಿನ ಕಡ್ಡಿಯಿಂದ ಬಾಲ್ದಿ ಕೆದಕಿದಳು. ಎರಡು ಮುರಿದ ಸೂಜಿ, ಒಂದು ಸೀಸೆಯ ಕುತ್ತಿಗೆ ಮೇಲೆ ಬಂತು.

“ನೋಡು. ನಿಮ್ಮವ್ವನ್ನ ತಿಂದದ್ದು ಇದು.”

ಮಾಳವ್ವ ಆ ಕಾಗದವನ್ನು ಮರೆಯಲಿಲ್ಲ. ಒಳಗಿನವರ ಒಬ್ಬೊಬ್ಬರ ಮುಖ ನೋಡುತ್ತ ತಿರುಗಿದಳು. ಕಸ ಬಳಿಯುವವಳನ್ನು ಯಾರೂ ನೋಡುವುದಿಲ್ಲ. ಅವಳು ಎಲ್ಲರನ್ನೂ ನೋಡಬಹುದು. ಗವಿಸಿದ್ದಪ್ಪ ಹೊರಗಿನವರ ನೆರಳು ಕಂಡರೂ ಸರಿಯುವವನು. ಸಾಯುವವಳ ಕೈ ಹಿಡಿದು ಹೆಬ್ಬೆರಳನ್ನು ಶಾಯಿಗೆ ಅದ್ದಿದ್ದು ಅವನಲ್ಲ. ಮತ್ತೆ ಯಾರು? ಮುಟ್ಟುವವರು ಯಾರಿದ್ದಾರೆ?

ಆಯಾ ಖಾತುನಬಿ. ಅವಳೊಬ್ಬಳೇ ಹೊರಗಿನವರ ಜೊತೆ ಕೂತು ಎಲೆ ಅಡಿಕೆ ಹಾಕುತ್ತಿದ್ದವಳು. ಶಂಕ್ರವ್ವ ಸತ್ತ ಮೇಲೆ ಹಿತ್ತಲಿಗೆ ಬಂದೇ ಇರಲಿಲ್ಲ.

ಮಾಳವ್ವ ಅವಳನ್ನು ಬಟ್ಟೆ ಒಣಹಾಕುವ ಹಗ್ಗದ ಹತ್ತಿರ ಹಿಡಿದಳು.

“ಶಂಕ್ರವ್ವನ ಕೈ ನೀ ಹಿಡದಿದ್ದೇನ?”

ಖಾತುನಬಿ ಒದ್ದೆ ಸೀರೆಯ ಹಿಂದೆ ಮುಖ ಇಟ್ಟುಕೊಂಡಳು.

“ಕೇಳ್ದೆ ನಾ.”

“ಹಿಡದೆ,” ಎಂದಳು ಖಾತುನಬಿ. “ಹಿಡಿ ಅಂದ್ರು, ಹಿಡದೆ. ನಾ ಮುಟ್ಟೂದಿಲ್ಲ, ನೀ ಹಿಡಿ ಅಂದ್ರು. ಆಕಿ ನನ್ನ ಮಾರಿ ನೋಡಾಕ ಹತ್ತಿದ್ಲು ಮಾಳವ್ವ. ಬಾಯಿ ಬರ್ತಿರಲಿಲ್ಲ, ಕಣ್ಣ ಬರ್ತಿದ್ವು. ಬ್ಯಾಡ ಬ್ಯಾಡ ಅಂತ ಕೈ ಎಳೀತಿದ್ಲು. ನಾ ಬಿಗಿಯಾಗಿ ಹಿಡದೆ.”

ಮಾಳವ್ವನಿಗೆ ಅವಳ ಕೆನ್ನೆಗೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ.

“ಏನಿತ್ತು ಕಾಗದದಾಗ?”

“ನಂಗೇನು ಓದಾಕ ಬರ್ತೈತಿ? ನರ್ಸಬಾಯಾರ ಓದ್ಯಾರ. ಅವರ ಕೈಲೇ ಫಾಯಲಿನಾಗ ಇಡಿಸ್ಯಾರ.” ಆಮೇಲೆ ದನಿ ಇಳಿಸಿದಳು. “ಇನ್ನೊಂದು ಹೇಳ್ತೀನಿ ಕೇಳು. ಆ ರೋಗಕ್ಕ ಸೂಜಿ ಐತಿ. ಗಾಯ ಆದ ದಿನಾನ ಮಾಡಿದ್ರ ರೋಗ ಬರೂದಿಲ್ಲ. ಸಾವ್ಕಾರ್ರ ಮೊಮ್ಮಗ ಮೊಳಿ ತುಳದಾಗ ಅರ್ಧ ತಾಸಿನಾಗ ಮಾಡಿದ್ರು. ನಾನ ದೀಪ ಹಿಡದಿದ್ದೆ. ಆವತ್ತ ಶಂಕ್ರವ್ವನ ಕೈ ಕೊಯ್ದ ದಿನಾನೂ ಕಪಾಟಿನಾಗ ಆ ಸೀಸೆ ಇದ್ವು.”

ಮಾಳವ್ವ ಕಲ್ಲಿನ ದೋಣಿಯ ಮೇಲೆ ಕೂತಳು.

“ಡಾಕ್ಟರ್ ಅಷ್ಟ ಸಲ ಯಾಕ ಕೈ ತೊಳಕೋತಾರ ಅಂತ ಎಂದಾರ ಯೋಚನಿ ಮಾಡೀಯೇನು?” ಎಂದಳು ಖಾತುನಬಿ. “ಕೈ ಚಂದ ಕಾಣಲಂತ ಅಲ್ಲ. ಕೀವಿನಾಗ ಇರೂದು ಗಾಯದಾಗ ಹೊಕ್ಕರ ಮನಷ್ಯಾ ಉಳಿಯೂದಿಲ್ಲ ಅಂತ ಅವರಿಗೆ ಗೊತ್ತು. ಕಂಪೌಂಡರಿಗೂ ಗೊತ್ತು. ಇಷ್ಟ ವರ್ಷದಾಗ ನೋಡಿ ನೋಡಿ ನಂಗೂ ಗೊತ್ತಾತು. ನಿಮಗ ಯಾರೂ ಹೇಳಿಲ್ಲ. ನಾನೂ ಹೇಳಲಿಲ್ಲ.”

ನರ್ಸ್ ನರ್ಮದಾಬಾಯಿ ಸಣ್ಣ ವಯಸ್ಸಿನ ವಿಧವೆ. ಬೆಳಗಾವಿಯ ಕಡೆ ಕಲಿತು ಬಂದವಳು. ಮಾಳವ್ವ ಎರಡು ದಿನ ಅವಳ ಹಿಂದೆ ತಿರುಗಿದಳು. ಮೂರನೆಯ ದಿನ ಹಿಂಬಾಗಿಲಿನ ಮೆಟ್ಟಿಲ ಮೇಲೆ ಸಿಕ್ಕಳು.

“ಶಂಕ್ರವ್ವನ ಕಾಗದದಾಗ ಏನ ಐತ್ರಿ ಬಾಯಾರ?”

ನರ್ಮದಾಬಾಯಿ ಒಳಗೆ ನೋಡಿದಳು. ಹೊರಗೆ ನೋಡಿದಳು. “ನನ್ನ ಹೆಸರು ತಗೀಬ್ಯಾಡ. ‘ಮನಿಯೊಳಗ ಕುಡಗೋಲಿನಿಂದ ಕೈ ಕೊಯ್ದುಕೊಂಡೆ. ದವಾಖಾನಿಗೆ ತೋರಿಸಲಿಲ್ಲ, ಎಂಟು ದಿನ ಶೆಗಣಿ ಹಚ್ಚಿಕೊಂಡೆ. ಇದು ನನ್ನ ತಪ್ಪು.’ ಹಿಂಗ ಬರದದ.”

“ಯಾಕ್ರಿ ಹಿಂಗ ಬರದ್ರು?”

“ಮುಂಬಯಿ ಸರಕಾರ ಹೋಗಿ ಮೈಸೂರ ಸರಕಾರ ಬಂತಲ್ಲ. ಹೊಸ ಸರಕಾರದ ಸಾಹೇಬ್ರು ದವಾಖಾನಿ ನೋಡ್ಲಿಕ್ಕೆ ಬರೋರಿದ್ದಾರ. ಅವರ ಒಪ್ಪಿಗಿ ಬೇಕು. ಕೆಲಸದಾಕಿ ಯಾಕ ಸತ್ಲು ಅಂತ ಕೇಳಿದ್ರ ತೋರಿಸ್ಲಿಕ್ಕೆ.”

ಮಾಳವ್ವ ತಲೆಯಾಡಿಸಿ ಹೋದಳು. ನಂಬಲಿಲ್ಲ. ಒಳಗಿನವಳು ಹೊರಗಿನವಳಿಗೆ ಖರೇ ಹೇಳುತ್ತಾಳೆ ಎಂದು ನಂಬಲು ಅವಳ ಹತ್ತಿರ ಯಾವ ಕಾರಣವೂ ಇರಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಮೆಟ್ಟಿಲಿಗೆ ಹೋದಳು. ಮರೆತವಳ ಹಾಗೆ ಮತ್ತೆ ಅದನ್ನೇ ಕೇಳಿದಳು. ನರ್ಮದಾಬಾಯಿ ಬೇಸರದಿಂದ ಮತ್ತೆ ಹೇಳಿದಳು. ಕುಡಗೋಲು, ಎಂಟು ದಿನ, ಶೆಗಣಿ, ನನ್ನ ತಪ್ಪು. ಅವೇ ಮಾತು. ಸುಳ್ಳು ಎರಡು ಸಲ ಅದೇ ಅಳತೆಗೆ ಬರುವುದಿಲ್ಲ. ಆಗ ಮಾಳವ್ವ ನಂಬಿದಳು.

ನಂಬಿದ ಮೇಲೆ ಸಿಟ್ಟು ಬಂತು. ‘ನನ್ನ ತಪ್ಪು.’ ದವಡೆ ಕಟ್ಟಿ ಗುಟುಕು ನೀರು ಬೇಡಲಾರದವಳು ಇಷ್ಟು ಮಾತಾಡಿದಳಂತೆ.

ಸಾಹೇಬರು ಬರುವ ಹಿಂದಿನ ದಿನ ದವಾಖಾನೆಗೆ ಸುಣ್ಣ ಹೊಡೆದರು. ಗವಿಸಿದ್ದಪ್ಪ ಹೊರಗಿನ ಮೂವರನ್ನು ಸಾಲಾಗಿ ನಿಲ್ಲಿಸಿದ. ಕಪಾಟಿನ ಕೀಲಿ ತೆಗೆದು ಒಂದು ರಟ್ಟಿನ ಡಬ್ಬಿ ತಂದ. ಅದರಲ್ಲಿ ಕೈಗೆ ತೊಡುವ ರಬ್ಬರಿನ ಗವಸುಗಳು, ಕೈಚೀಲಗಳು ಇದ್ದವು. ಒಂದು ಉದ್ದನೆಯ ಕಬ್ಬಿಣದ ಇಕ್ಕಳವನ್ನೂ ತಂದ. ಒಂದು ಕೆಂಪು ಸಾಬೂನು. ಎಲ್ಲವನ್ನೂ ನೆಲದ ಮೇಲೆ ಇಟ್ಟು ಹಿಂದೆ ಸರಿದ.

“ನಾಳಿ ಮುಂಜಾನಿಂದ ಇವನ್ನ ಹಾಕ್ಕೋಬೇಕು. ಸಾಹೇಬ್ರ ಕೇಳಿದ್ರ ದಿನಾ ಹಾಕ್ಕೋತೀವಿ ಅನ್ರಿ. ಹರದ್ರ ನೋಡ್ರಿ ಮತ್ತ.”

“ಇವು ಎಂದ ಬಂದ್ವು ರೀ?” ಎಂದು ಮಾಳವ್ವ ಕೇಳಿದಳು.

“ನಿಂಗ್ಯಾಕ ಬೇಕ ಅದು?”

ಡಬ್ಬಿಯ ಮೇಲೆ ಬೆರಳು ದಪ್ಪ ಧೂಳಿತ್ತು. ಅದನ್ನು ಓದಲು ಅಕ್ಷರ ಬೇಕಾಗಿರಲಿಲ್ಲ. ಶಂಕ್ರವ್ವ ಬದುಕಿದ್ದಾಗಲೂ ಈ ಡಬ್ಬಿ ಆ ಕಪಾಟಿನಲ್ಲಿತ್ತು.

ಮಾರನೆಯ ದಿನ ಸಾಹೇಬರು ಬಂದರು. ಮೊದಲು ಸಾವುಕಾರರ ಮನೆಯಲ್ಲಿ ಊಟ ಮಾಡಿದರು. ಆಮೇಲೆ ದವಾಖಾನೆಗೆ ಬಂದರು. ಹುಲಿಗೆವ್ವ ಮಾಳವ್ವನ ಕಿವಿಯಲ್ಲಿ, “ಸಾಹೇಬ್ರಿಗೆ ಹೇಳೂಣೇನ ಚಿಗವ್ವ?” ಎಂದಳು.

ಮಾಳವ್ವ ಸಾಹೇಬರನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಮೀಸೆಗೆ ಹೋಳಿಗೆಯ ತುಪ್ಪ ಹತ್ತಿತ್ತು. ಸಾವುಕಾರರು ಅವರ ಹೆಗಲ ಮೇಲೆ ಕೈ ಇಟ್ಟು ನಡೆಯುತ್ತಿದ್ದರು.

“ಬ್ಯಾಡ. ಇಂವ ಕೇಳಿದ್ದನ್ನ ಅವರಿಗೇ ಹೇಳ್ತಾನ.”

ಸಾಹೇಬರು ಅವರ ರಬ್ಬರಿನ ಕೈಗಳನ್ನು ದೂರದಿಂದ ನೋಡಿ, “ಛಲೋ, ಛಲೋ,” ಎಂದರು. ಏನೂ ಕೇಳಲಿಲ್ಲ. ಪುಸ್ತಕದಲ್ಲಿ ಬರೆದು ಮೋಟಾರು ಹತ್ತಿದರು. ಸಾವುಕಾರರೂ ಅವರ ಜೊತೆ ಹೋದರು.

ಮೋಟಾರಿನ ಧೂಳು ಅಡಗುವ ಮೊದಲೇ ಗವಿಸಿದ್ದಪ್ಪ ಡಬ್ಬಿ ತಂದು ಪಡಸಾಲೆಯಲ್ಲಿ ಇಟ್ಟ. ಹೊರರೋಗಿಗಳು ಕೂತಿದ್ದರು. ಬಂಡಿಯವರು ನಿಂತಿದ್ದರು.

“ಬಿಚ್ರಿ.”

ಶಿವನಪ್ಪ ಬಿಚ್ಚತೊಡಗಿದ. ಮಾಳವ್ವ ಪಟ್ಟಿ ಕೋಣೆಯ ಬಾಲ್ದಿಯನ್ನು ಎತ್ತಿಕೊಂಡು ಬರುತ್ತಿದ್ದಳು. ಹಾಗೇ ನಿಂತಳು.

“ನಿಂಗ ಹೇಳಿದ್ದು. ಬಿಚ್ಚು.”

“ಯಾಕ್ರಿ?”

“ಯಾಕಂದ್ರ? ಸಾಹೇಬ್ರ ಹೋದ್ರು.”

“ಬಾಲ್ದಿ ಹೋಗಿಲ್ಲಲ್ರೀ.”

ಯಾರೋ ನಕ್ಕರು. ಗವಿಸಿದ್ದಪ್ಪನ ಮುಖ ಕೆಂಪಾಯಿತು.

“ಕಳುವ ಮಾಡ್ತೀಯೇನು? ಅವು ದವಾಖಾನಿ ಸಾಮಾನು.”

“ಮನಿಗೆ ಒಯ್ಯೂದಿಲ್ರಿ. ಇಲ್ಲೇ ಹಾಕ್ಕೋತೀನಿ, ಇಲ್ಲೇ ಕೆಲಸ ಮಾಡ್ತೀನಿ, ಇಲ್ಲೇ ತೊಳದು ಇಟ್ಟು ಹೋಕ್ಕೀನಿ. ಬಾಲ್ದಿನೂ ದವಾಖಾನಿದ ಅಲ್ರೀ?”

“ಬಾಯಿ ಭಾಳ ಆತು ನಿಂದು. ಬಿಚ್ಚತೀಯೋ ಇಲ್ಲೋ?”

ಮಾಳವ್ವ ಬಾಲ್ದಿ ಕೆಳಗಿಟ್ಟಳು. ಎರಡೂ ಕೈ ಮುಂದೆ ಚಾಚಿದಳು. ಅವನ ಎದೆಯ ತನಕ ಚಾಚಿದಳು.

“ನಾ ಬಿಚ್ಚೂದಿಲ್ಲ. ನೀವ ಬಿಚ್ಚಕೋರಿ.”

ಗವಿಸಿದ್ದಪ್ಪ ಹಿಂದೆ ಸರಿದ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವನು ಮತ್ತೆ ಸರಿದ. ಬೆನ್ನು ಗೋಡೆಗೆ ಹತ್ತಿತು. ಹೊಸ ಸುಣ್ಣ ಅವನ ಕೋಟಿಗೆ ಮೆತ್ತಿತು.

“ಮುಟ್ಟಬಾರದು ಅನ್ನೂದ ತಪ್ಪು ಅಂತ ಕಾಯ್ದೆ ಬಂದು ಎರಡ ವರ್ಷ ಆತಂತ್ರಿ. ಮುಟ್ರಿ. ಬಿಚ್ಚಕೋರಿ. ಇಷ್ಟ ಮಂದಿ ನೋಡ್ಲಿ.”

ಗವಿಸಿದ್ದಪ್ಪ ಖಾತುನಬಿಯನ್ನು ಕಂಡ.

“ಏ ಖಾತುನಬಿ, ಬಾ ಇಲ್ಲಿ. ತಗೀ ಅವನ್ನ ಆಕಿ ಕೈಯಿಂದ.”

ಖಾತುನಬಿ ಎರಡು ಹೆಜ್ಜೆ ಬಂದಳು. ನಿಂತಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಆವತ್ತ ಸಾಯೂ ಹೆಂಗಸಿನ ಕೈ ಹಿಡಿಸಿದ್ರಿ ನನ್ನ ಕಡಿಂದ. ಇನ್ನ ಯಾರ ಕೈನೂ ಹಿಡಿಯೂದಿಲ್ಲ ನಾ.”

ಡಾಕ್ಟರ್ ಜಯತೀರ್ಥರು ಗದ್ದಲ ಕೇಳಿ ಬಾಗಿಲಿಗೆ ಬಂದಿದ್ದರು. ಕೈಯಲ್ಲಿ ಸಾಬೂನಿನ ನೊರೆ ಇತ್ತು. ಮಾಳವ್ವ ಅವರತ್ತ ತಿರುಗಿದಳು.

“ಡಾಕ್ಟರ್ ಸಾಹೇಬ್ರ, ಶಂಕ್ರವ್ವನ ಕೈ ಕೊಯ್ದದ್ದು ಮನ್ಯಾಗಲ್ಲ. ಈ ಬಾಲ್ದ್ಯಾಗ. ನಾ ಗಾಜ ಕಿತ್ತೀನಿ. ಆವತ್ತನ ಸೂಜಿ ಮಾಡಿದ್ರ ಆಕಿ ಉಳೀತಿದ್ಲೋ ಇಲ್ಲೋ? ಅಷ್ಟ ಹೇಳ್ರಿ.”

ಡಾಕ್ಟರು ಕೈ ಕೆಳಗಿಳಿಸಿದರು. ನೊರೆ ನೆಲದ ಮೇಲೆ ತೊಟ್ಟಿಕ್ಕಿತು. ಒಳಗೆ ಹೋದರು. ಉತ್ತರ ಏನೆಂದು ಪಡಸಾಲೆಯಲ್ಲಿ ಕೂತವರಿಗೆಲ್ಲ ತಿಳಿಯಿತು.

ಶಿವನಪ್ಪ ಬಿಚ್ಚಿದ ಕೈಚೀಲವನ್ನು ಮತ್ತೆ ಹಾಕಿಕೊಳ್ಳಲು ಹೋದ. ಅವಸರದಲ್ಲಿ ಸೊಟ್ಟ ಬೆರಳು ಒಳಗೆ ಸೇರಲಿಲ್ಲ. ಬಿಟ್ಟು ಬಾಲ್ದಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಹುಲಿಗೆವ್ವ ಕೂಸನ್ನು ಎತ್ತಿಕೊಂಡು ಬಂದು ಅವನ ಪಕ್ಕ ಕೂತಳು.

ಆವತ್ತು ಸಂಜೆಗೆ ಮಾಳವ್ವನ ಕೆಲಸ ಹೋಯಿತು. ಮಾರನೆಯ ದಿನ ದೇವಪ್ಪನನ್ನು ಜೀನಿನ ಬಾಗಿಲಲ್ಲೇ ತಡೆದರು. ಅವನು ಮನೆಗೆ ಬಂದು ತಲೆಯ ಸಿಂಬಿ ಬಿಚ್ಚಿ ಒಲೆಯ ಮುಂದೆ ಒಗೆದ.

“ಸಂತೋಷ ಆತೇನು? ಎರಡ ಮಂದಿ ಗಳಕಿ ಒಂದ ಸಲಕ್ಕ ಹೋತು.”

“ಶಂಕ್ರವ್ವ ನಿನಗ ವೈನಿ ಅಲ್ಲೇನು? ಸಣ್ಣಾಂವ ಇದ್ದಾಗ ಉಣ್ಣಾಕ ಹಾಕಿದಾಕಿ ಅಲ್ಲೇನು?” ಎಂದಳು ಮಾಳವ್ವ. “ಆಕಿ ಕೈ ಹಿಡದು ‘ನನ್ನ ತಪ್ಪು’ ಅಂತ ಬರಸ್ಯಾರ. ಹೌದು ಅಂತೀಯೇನು ನೀ?”

ದೇವಪ್ಪ ಎದ್ದು ಸಿಂಬಿ ಎತ್ತಿ ಗೂಟಕ್ಕೆ ತೂಗುಹಾಕಿದ.

ಹುಲಿಗೆವ್ವ, ಶಿವನಪ್ಪ ಕೆಲಸಕ್ಕೆ ಹೋದರು. ಹೋಗಿ ಬೇವಿನ ಮರದ ಕೆಳಗೆ ಕೂತರು. ಕೈಚೀಲ ಕೊಟ್ಟರೆ ಬಾಲ್ದಿ ಎತ್ತುತ್ತೇವೆ ಎಂದರು. ಖಾತುನಬಿ ಬಾಣಂತಿಯರನ್ನು ನೋಡಿಕೊಂಡಳು, ಆದರೆ ಮಾಸು ಹೊರಗೆ ಒಯ್ಯಲಿಲ್ಲ. ಚೈತ್ರದ ಬಿಸಿಲು. ಎರಡನೆಯ ದಿನಕ್ಕೆ ಬಾಲ್ದಿಗಳು ನಾರತೊಡಗಿದವು. ನೊಣ ಪಟ್ಟಿಗಳ ಮೇಲೆ ಕೂತವು. ರೋಗಿಗಳ ಮಂದಿ ಮೂಗು ಮುಚ್ಚಿಕೊಂಡು ಡಾಕ್ಟರರನ್ನು ಬೈದರು. ಒಳಗಿನವರಲ್ಲಿ ಒಬ್ಬರೂ ಆ ಬಾಲ್ದಿಗೆ ಕೈ ಹಾಕಲಿಲ್ಲ. ಅದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು.

ಗವಿಸಿದ್ದಪ್ಪ ಪುರ್ತಗೇರಿಗೆ ಬಂಡಿ ಕಳಿಸಿ ಮೂವರು ಹೊಸಬರನ್ನು ತರಿಸಿದ. ಅವರು ಬಂದು ಬಾಲ್ದಿ ನೋಡಿದರು. ಅವರಲ್ಲಿ ಹಿರಿಯವಳು ಕೇಳಿದಳು: “ಆ ರಬ್ಬರ್ ಕೈಚೀಲ ಎಲ್ಲಿ ಅದಾವ್ರಿ?”

ಪಡಸಾಲೆಯಲ್ಲಿ ನೋಡಿದವರ ಬಂಡಿಗಳು ಮಾತನ್ನು ಮೊದಲೇ ಅವರ ಊರಿಗೆ ಒಯ್ದಿದ್ದವು. ಮೂವರೂ ಅದೇ ಬಂಡಿಯಲ್ಲಿ ತಿರುಗಿ ಹೋದರು.

ನಾಲ್ಕನೆಯ ದಿನ ಪ್ರಭುಲಿಂಗಪ್ಪ ಸಾವುಕಾರರು ಮಾಳವ್ವನನ್ನು ಕರೆಸಿದರು. ಹಿತ್ತಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೂಗಿಗೆ ಶಲ್ಯ.

“ಈ ದವಾಖಾನಿ ನಾ ಧರ್ಮಕ್ಕ ಕಟ್ಟಿಸೀನಿ ಮಾಳವ್ವ. ಬಡವರ ಜೀವ ಉಳೀಲಿ ಅಂತ. ಇದನ್ನ ಕೆಡಸಾಕ ನಿಂತೀಯಲ್ಲ ನೀ?”

“ಧರ್ಮ ನಿಮ್ಮದ್ರಿ. ಕೈ ನಮ್ಮವು.”

“ನಿಂಗ ಒಂದ ಜೋಡಿ ಕೊಡಸ್ತೀನಿ. ನಾಳಿಂದ ಬಾ. ನಿನ್ನ ಗಂಡನ್ನೂ ತಗೋತೀನಿ.”

ಮಾಳವ್ವ ಆ ಮಾತನ್ನು ನಾಣ್ಯ ಬಡಿದು ನೋಡುವವಳ ಹಾಗೆ ತಿರುಗಿಸಿ ನೋಡಿದಳು. ನನಗೆ ಒಂದು ಜೋಡಿ. ಹುಲಿಗೆವ್ವನಿಗೆ ಇಲ್ಲ. ಶಿವನಪ್ಪನಿಗೆ ಇಲ್ಲ.

“ಎಲ್ಲಾರಿಗೂ ಬೇಕ್ರಿ. ಇಕ್ಕಳ ಬೇಕು. ಸಾಬೂನ ಬೇಕು. ಗಾಜ, ಸೂಜಿ ಬ್ಯಾರೆ ಡಬ್ಬ್ಯಾಗ ಹಾಕ್ಬೇಕು ಒಳಗಿನವ್ರು. ಯಾರ ಕೈ ಕೊಯ್ದರೂ ಆವತ್ತ ಸೂಜಿ ಮಾಡ್ಬೇಕು. ಕೈಚೀಲ ಕಪಾಟಿನಾಗ ಅಲ್ಲ. ಇಲ್ಲಿ, ಈ ಗ್ವಾಡಿಗೆ ಮೊಳಿ ಹೊಡದು ತೂಗಹಾಕ್ಬೇಕು. ಕೀಲಿ ಇರಬಾರದು.”

ಸಾವುಕಾರರು ಶಲ್ಯವನ್ನು ಮೂಗಿಗೆ ಬಿಗಿಯಾಗಿ ಒತ್ತಿಕೊಂಡರು. ಬಾಲ್ದಿಯಿಂದ ಗಾಳಿ ಅವರ ಕಡೆಗೇ ಬೀಸುತ್ತಿತ್ತು.

“ಕೊಡ್ತೀನಿ. ಎಲ್ಲಾ ಕೊಡ್ತೀನಿ. ಆದ್ರ ನೀ ಮಾತ್ರ ಈ ಅಂಗಳದಾಗ ಕಾಲ ಇಡೂದ ಬ್ಯಾಡ. ನಿನ್ನ ಗಂಡನೂ ಜೀನಿಗೆ ಬರೂದ ಬ್ಯಾಡ.”

ಹುಲಿಗೆವ್ವ ಎದ್ದು ನಿಂತು, “ಹಂಗಾದ್ರ ನಾವೂ ಬರೂದಿಲ್ರಿ,” ಎಂದಳು. ಮಾಳವ್ವ ಅವಳ ತೋಳು ಹಿಡಿದು ಕೂಡಿಸಿದಳು.

“ಮೊದಲ ಮೊಳಿ ಹೊಡಸ್ರಿ,” ಎಂದಳು ಸಾವುಕಾರರಿಗೆ. “ನೋಡಿ ಹೋಕ್ಕೀನಿ.”

ಮೊಳೆ ಹೊಡೆದರು. ಮೂರು ಜೋಡಿ ಕೈಚೀಲ ತೂಗಿದವು. ಮಾಳವ್ವ ಒಂದೊಂದನ್ನೂ ಊದಿ ನೋಡಿದಳು. ತೂತು ಇರುವ ಒಂದನ್ನು ನೆಲಕ್ಕೆ ಒಗೆದು ಬೇರೆ ಕೇಳಿದಳು. ತಂದುಕೊಟ್ಟರು. ಆಮೇಲೆ ಹಿಂಬಾಗಿಲಿನಿಂದ ಹೊರಗೆ ನಡೆದಳು.

ಶಂಕ್ರವ್ವನ ಕಾಗದ ಫಾಯಲಿನಲ್ಲಿ ಹಾಗೇ ಉಳಿಯಿತು. ಅದನ್ನು ಯಾರೂ ತೆಗೆಯಲಿಲ್ಲ.

ಮಾಳವ್ವ, ದೇವಪ್ಪ ರೋಣದ ರಸ್ತೆಯ ಕೆಲಸಕ್ಕೆ ಹೋಗತೊಡಗಿದರು. ಅವನು ಕಲ್ಲು ಹೊರುತ್ತಿದ್ದ. ಅವಳು ಒಡೆಯುತ್ತಿದ್ದಳು. ಮಳೆಗಾಲ ಹಿಡಿಯುವ ಮೊದಲು ಒಂದು ಮಧ್ಯಾಹ್ನ ಖಾತುನಬಿ ಆ ಬಿಸಿಲಿನಲ್ಲಿ ಕಲ್ಲಿನ ರಾಶಿಯ ತನಕ ನಡೆದು ಬಂದಳು.

“ಹುಲಿಗೆವ್ವಗ ಬಾಲ್ದ್ಯಾಗಿನ ಸೂಜಿ ಚುಚ್ಚಿತು. ಕೈಚೀಲ ಹರದು ಒಳಗ ಹೋತು.”

ಮಾಳವ್ವ ಸುತ್ತಿಗೆ ಕೆಳಗಿಟ್ಟು ಎದ್ದಳು.

“ಡಾಕ್ಟರ್ ಆಗಿಂದಾಗ ಸೂಜಿ ಮಾಡ್ಯಾರ. ಅಂಜಬ್ಯಾಡ,” ಎಂದಳು ಖಾತುನಬಿ.

ಮಾಳವ್ವ ನಂಬಲಿಲ್ಲ. ಕೆಲಸ ಬಿಟ್ಟು ಕೇರಿಗೆ ಬಂದಳು. ಹುಲಿಗೆವ್ವ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಮಾಳವ್ವ ಅವಳ ಕುಪ್ಪಸದ ತೋಳು ಮೇಲೆ ಸರಿಸಿ ನೋಡಿದಳು. ಚುಚ್ಚಿದ ಜಾಗ ಕೆಂಪಗೆ ಬಾತಿತ್ತು. ಒತ್ತಿ ನೋಡಿದಳು. ಹುಲಿಗೆವ್ವ ‘ಹಾ’ ಎಂದಳು.

“ಯಾವ ಸೀಸೆ? ನೀರ ಚುಚ್ಚಿರಬಾರದಲ್ಲ?”

“ಖಾತುನಬಿ ನೋಡ್ಯಾಳ. ಸಾವ್ಕಾರ್ರ ಮೊಮ್ಮಗಗ ಮಾಡಿ‌ದ್ದು ಅದ.”

“ಹಿಂಬಾಗಿಲಿಂದ ಹೋಗಿದ್ದೇನು?”

“ಇಲ್ಲ. ಮುಂದಿನ ಬಾಗಲಿಂದ. ಮಂದಿ ಸಾಲಿನಾಗ ನಿಂತಿದ್ರು, ಅವರ ನಡುವ ಹಾದು ಡಾಕ್ಟರ್ ಮೇಜಿನ ತನಕ ಹ್ವಾದೆ. ರಕ್ತ ಸೋರೂ ಬೆರಳ ಅವರ ಪುಸ್ತಕದ ಮ್ಯಾಲೆ ಹಿಡದೆ. ಮೊದಲ ಬರೀರಿ, ಆಮ್ಯಾಲೆ ಸೂಜಿ ಮಾಡ್ರಿ ಅಂದೆ. ಇವತ್ತ, ದವಾಖಾನ್ಯಾಗ, ಪಟ್ಟಿ ಕ್ವಾಣಿ ಬಾಲ್ದ್ಯಾಗ, ಅಂತ ಬರೀರಿ.”

“ಬರದ್ರೇನು?”

“ಬರದ್ರು.”

ಮಾಳವ್ವನಿಗೆ ಅಲ್ಲಿಗೂ ಸಮಾಧಾನವಾಗಲಿಲ್ಲ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಳು.

“ಪುಸ್ತಕ ಅವರ ಕಡೆನ ಐತಲ್ಲ ಹುಚ್ಚಿ. ಏನ ಬರದಾರ ನಿಂಗೇನ ಗೊತ್ತು? ಬರದಿದ್ರೂ ನಾಳಿ ಆ ಹಾಳಿ ಹರದು ಒಗದ್ರ ಏನ ಮಾಡ್ತಿ?”

ಹುಲಿಗೆವ್ವ ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿದಳು.

“ಅದಕ್ಕ ಜೋರಾಗಿ ಓದಸೀನಿ ಚಿಗವ್ವ. ಬಾಗಲಾ ತಗಿಸಿ, ಹೊರಗ ಕೇಳೂ ಹಂಗ. ಪಡಸಾಲ್ಯಾಗ ಹದಿನೇಳ ಮಂದಿ ಇದ್ರು, ಎಣಿಸೀನಿ. ಒಬ್ಬೊಬ್ಬರ ಊರ ಕೇಳೀನಿ, ಹೆಸರ ಕೇಳೀನಿ. ಹಾಳಿ ಹರೀತಾರಂದ್ರ ಹರೀಲಿ. ಆ ಹದಿನೇಳ ಮಂದಿನ್ನ ಹ್ಯಾಂಗ ಹರೀತಾರ ನೋಡೂಣು.”